ತಾತ್ತಾ ಅಂದ್ರೆ ಅಪ್ಪ, ಅಕ್ಕ ಅಂದ್ರೆ ಅಕ್ಕನೇ

ನಮ್ಮ ಮನೆ ಮೇಲ್ಗಡೆ ಪೋರ್ಷನ್ನಿಗೆ ಶ್ರೀಲಂಕಾದ ಹುಡುಗಿ ಒಬ್ಳು ಬಾಡಿಗೆಗೆ ಬಂದಿದ್ಲು, ಮಾನಸಗಂಗೋತ್ರೀಲಿ ಎಂಎಸ್ಸಿ ಓದೋಕೆ. ಹೆಸರು ಹಾಕ್ಬೇಡಿ ಅಕ್ಕ ಅಂದಿದಾಳೆ, ಅದಕ್ಕೆ ಮನೇಲಿ ಕರೀತಿದ್ದ ಹಾಗೇ ನಂಗಿ ಅಂತ ಬರೀತೀನಿ. ನಂಗಿ ಅಂದ್ರೆ ಸಿಂಹಳದಲ್ಲಿ ತಂಗಿ. ಊರು ಕುರುಣೇಗಲ ಕಡೆ, ತೆಂಗು, ಗದ್ದೆ, ಕೆರೆ ಎಲ್ಲಾ ಇರೋ ಜಾಗ, ಫೋಟೋ ತೋರಿಸಿದಾಗ ನಮ್ಮಮ್ಮ ಇದು ನಮ್ಮ ಮದ್ದೂರು ಕಡೆ ಅಲ್ವೇನೇ ಅಂದಿದ್ರು.

ಬಂದ ದಿನಾನೇ ಅಮ್ಮನ ವಿಚಾರಣೆ ಶುರುವಾಯ್ತು. ಮನೇಲಿ ಯಾರ್ಯಾರಿದೀರಾ ಅಂತ. ತಾತ್ತಾ ಸ್ಕೂಲ್ ಟೀಚರ್ ಅಂದ್ಲು. ತಾತ ಇನ್ನೂ ಕೆಲಸಕ್ಕೆ ಹೋಗ್ತಾರಾ, ವಯಸ್ಸೆಷ್ಟು ಅಂತ ಅಮ್ಮ ಕೇಳಿದ್ರೆ ಐವತ್ತೆರಡು ಅಂತಾಳೆ. ಅಮ್ಮ ನನ್ನ ಮುಖ ನೋಡಿದ್ರು, ಅವರ ತಲೇಲಿ ಏನು ಲೆಕ್ಕ ಓಡ್ತಿತ್ತು ಅಂತ ನನಗೆ ಗೊತ್ತು, ಹದಿನಾರಕ್ಕೆಲ್ಲಾ ಮದುವೆ ಮಾಡ್ತಾರಾ ಇವರ ಕಡೆ ಅಂತ. ಆಮೇಲೆ ತಿಳೀತು ತಾತ್ತಾ ಅಂದ್ರೆ ಅಪ್ಪ, ತಾತಂಗೆ ಸೀಯಾ ಅಂತಾರೆ, ಅಜ್ಜಿಗೆ ಆಚ್ಚಿ. ಇದರ ಸೇಡು ತೀರಿಸಿಕೊಳ್ಳೋ ಹಾಗೆ ಮಾರನೇ ವಾರ ಇನ್ನೊಂದಾಯ್ತು, ನನ್ನ ತಮ್ಮನ್ನ ಅವಳು ಅಯ್ಯಾ ಅಯ್ಯಾ ಅಂತ ಕರೆಯೋದು ಕೇಳಿ ಊರಿಂದ ಬಂದಿದ್ದ ನಮ್ಮಜ್ಜಿ ಬೆಚ್ಚಿಬಿದ್ರು. ನಮ್ಮೂರ ಕಡೆ ಅಯ್ಯ ಅಂದ್ರೆ ಅಪ್ಪ ಇಲ್ಲಾ ತಾತ. "ಮದ್ವೇನೇ ಆಗಿಲ್ಲ, ಇವನ್ಯಾವ ಸೀಮೆ ಅಯ್ಯ ಆದನವ್ವ" ಅಂತ. ಸಿಂಹಳದಲ್ಲಿ ಅಯ್ಯಾ ಅಂದ್ರೆ ಅಣ್ಣ, ಮಲ್ಲಿ ಅಂದ್ರೆ ತಮ್ಮ. ಅಮ್ಮ, ಅಕ್ಕ, ಮಾಮ ಮಾತ್ರ ನಮ್ಮ ಥರಾನೇ.

ಇಷ್ಟೇ ಆಗಿದ್ರೆ ಪದಗಳ ತಮಾಷೆ ಅಂತ ನಾನು ಬರೀತಾನೇ ಇರ್ಲಿಲ್ಲ. ನನ್ನ ಆಫೀಸಲ್ಲಿ ಲಕ್ನೋ ಕಡೆಯೋರು ಒಬ್ರಿದಾರೆ, ಮೂರು ವರ್ಷದಿಂದ ಪಕ್ಕದ ಸೀಟು, ನಾನು ಮದುವೆ ಆಗಿರೋದು ನನ್ನ ಅತ್ತೆ ಮಗನ್ನ ಅಂತ ಗೊತ್ತಾದಾಗಿಂದ ಅವರಿಗೆ ನನ್ನ ಮೇಲೆ ಒಂಥರಾ ಕನಿಕರ. ಅವರ ಭಾಷೇಲಿ ಅತ್ತೆ ಮಗನೂ ಭಾಯಿ, ಚಿಕ್ಕಪ್ಪನ ಮಗನೂ ಭಾಯಿ. ಎಷ್ಟು ಸಲ ಬಿಡಿಸಿ ಹೇಳಿದ್ರೂ ಕೊನೆಗೆ ಮೆಲ್ಲಗೆ "ಪರ್ ಹೈ ತೋ ಭಾಯಿ ಹೀ ನಾ" ಅಂತಾರೆ. ನಂಗಿಗೆ ನಾನು ಹೇಳೋಕೆ ಬಾಯಿ ತೆಗೆಯೋಕೆ ಮುಂಚೇನೇ ಅರ್ಥ ಆಗಿತ್ತು.

ಅದು ಡಿಸೆಂಬರ್ ಕೊನೆ, ಅವರೆಕಾಯಿ ಸೀಸನ್ನು, ಹಾಲಲ್ಲಿ ಪೇಪರ್ ಹಾಸ್ಕೊಂಡು ಎಲ್ಲರೂ ಹಿದುಕ್ತಾ ಕೂತಿದ್ವಿ. ನನ್ನ ಯಜಮಾನ್ರು ನಮ್ಮ ಅತ್ತೆ ಮಗ ಅಂದೆ. "ಓ, ನಿಮ್ಮ ಮಸ್ಸಿನಾ" ಅಂದ್ಲು, ಕೈ ನಿಲ್ಲಿಸಲೇ ಇಲ್ಲ. ಆಮೇಲೆ ಅವಳೇ ಅವರೆಕಾಳು ಜೋಡಿಸಿ ತೋರಿಸಿದ್ಲು. ಇದು ನನ್ನಮ್ಮ. ಇದು ಅಮ್ಮನ ಅಕ್ಕ, ಲೊಕು ಅಮ್ಮಾ. ಲೊಕು ಅಂದ್ರೇನು ಅಂದ್ರೆ ದೊಡ್ಡದು. ಅಂದ್ರೆ ದೊಡ್ಡಮ್ಮ! ಪುಂಚಿ ಅಂದ್ರೆ ಚಿಕ್ಕದು, ಪುಂಚಿ ಅಮ್ಮಾ ಚಿಕ್ಕಮ್ಮ. ಅಪ್ಪನ ಅಣ್ಣ ಲೊಕು ತಾತ್ತಾ, ಅಪ್ಪನ ತಮ್ಮ ಮಾತ್ರ ಬಾಪ್ಪಾ ಅಂತ ಬೇರೆ ಪದ. ಇವರ ಮಕ್ಕಳೆಲ್ಲಾ ನನಗೆ ಅಯ್ಯಾ, ಅಕ್ಕಾ, ಮಲ್ಲಿ, ನಂಗಿ. ಆಮೇಲೆ ಅಮ್ಮನ ಅಣ್ಣನ ಕಾಳನ್ನ ಆ ಕಡೆ ದೂರಕ್ಕೆ ತಳ್ಳಿದ್ಲು, ಇದು ಮಾಮಾ. ಅಪ್ಪನ ತಂಗೀನೂ ಆ ಕಡೆಗೇ, ಇವಳು ನ್ಯಾಂದಾ. ಅಷ್ಟರಲ್ಲಿ ಅಮ್ಮನೇ ಬಾಯಿ ಹಾಕಿ ಅವರ ಮಕ್ಕಳನ್ನ ತಗೋಬಹುದು, ಸರೀನಾ ಅಂದ್ರು. ಸರಿ ಅಂದ್ಲು. ಅವರ ಮಕ್ಕಳಲ್ಲಿ ಗಂಡಾದ್ರೆ ಮಸ್ಸಿನಾ, ಹೆಣ್ಣಾದ್ರೆ ನ್ಯಾನಾ. ಮಾಮಾನೇ ಮಾವ ಆಗಬಹುದು, ನ್ಯಾಂದಾನೇ ಅತ್ತೆ. ಗಂಡಸಿಗೆ ಅಕ್ಕತಂಗೀರ ಮಗಳು ಲೇಲಿ, ಮಗನ ಹೆಂಡ್ತೀನೂ ಲೇಲಿ, ಅದೇ ನಮ್ಮ ಸೊಸೆ. ಅಕ್ಕತಂಗೀರ ಮಗನೂ ಬ್ಯಾನಾ, ಮಗಳ ಗಂಡನೂ ಬ್ಯಾನಾ, ಅಂದ್ರೆ ಅಳಿಯ.

ಸಿಂಹಳ ಭಾಷೆ ಕನ್ನಡ ತಮಿಳಿನ ಬಳಗಕ್ಕೆ ಸೇರಿದ್ದಲ್ಲ, ಹಿಂದಿ ಬಂಗಾಳಿಗಳ ಕಡೆಯ ಇಂಡೋ ಆರ್ಯನ್ ಭಾಷೆ. ಅವರ ಮಹಾವಂಶ ಅನ್ನೋ ಹಳೇ ಚರಿತ್ರೆ ಗ್ರಂಥದ ಕಥೇಲೂ ವಿಜಯ ಅನ್ನೋ ರಾಜಕುಮಾರ ಉತ್ತರದಿಂದ ಹಡಗಲ್ಲಿ ಬಂದೋನು, ಆದ್ರೆ ಪಟ್ಟಕ್ಕೆ ಕೂರೋಕೆ ಹೆಣ್ಣು ತರಿಸಿದ್ದು ಮಧುರೆಯಿಂದ. ಕಥೆ ಕಥೆಯಾಗಿರ್ಲಿ, ಆದ್ರೆ ಭಾಷೆ ಒಂದು ಕಡೆಯದು, ಯಾರನ್ನ ಮದುವೆ ಆಗಬಹುದು ಯಾರನ್ನ ಆಗಬಾರದು ಅನ್ನೋ ಲೆಕ್ಕ ಇನ್ನೊಂದು ಕಡೆಯದು ಅನ್ನೋದಂತೂ ಆ ಪೇಪರ್ ಮೇಲಿನ ಕಾಳಲ್ಲೇ ಕಾಣ್ತಿತ್ತು. ನಮ್ಮ ಭಾಷೆ ಒಂದಕ್ಷರ ಬರದ ಹುಡುಗಿಗೆ ನಮ್ಮ ವಂಶವೃಕ್ಷ ಐದು ನಿಮಿಷಕ್ಕೆ ಬಂತು.

ಮಸ್ಸಿನಾ ಅಂದಾಗ ನನ್ನ ತಮ್ಮ ಮಚ್ಚಾ ಅನ್ನೋದೂ ಅದೇನಾ ಅಂತ ಕೇಳ್ದ. ಕೊಲಂಬೋದಲ್ಲಿ ಹುಡುಗರು ಒಬ್ಬರನ್ನೊಬ್ಬರು ಮಚಂ ಅಂತಾರಂತೆ, ಹುಡುಗೀರೂ ಅಂತಾರಂತೆ. ತಮಿಳಿನ ಮಚ್ಚಾನ್ ಅಂದ್ರೆ ಬಾವ ಬಾಮೈದ. ನಮ್ಮ ಕಾಲೇಜ್ ಹುಡುಗರು ಸಿಗ್ನಲ್ಲಲ್ಲಿ ಬೈಕ್ ಮೇಲಿಂದ ಮಚ್ಚಾ ಅಂತ ಕಿರುಚಿದಾಗೆಲ್ಲಾ ಅಕ್ಕತಂಗೀರನ್ನ ಕೊಟ್ಟು ತಂದು ಮಾಡೋ ಸಂಬಂಧಾನೇ ಕೂಗ್ತಿದಾರೆ ಅಂತ ಅವತ್ತಿಂದ ನನಗೆ ನಗು ಬರುತ್ತೆ.

ಬಾಮೈದ ಅಂದ ತಕ್ಷಣ ಶ್ರೀಲಂಕಾದ ಕ್ಯಾಂಡಿ ಅರಮನೆ ಕಥೆ ಹೇಳಲೇಬೇಕು. ಕ್ಯಾಂಡಿ ರಾಜರು ಕ್ಷತ್ರಿಯ ಹೆಣ್ಣೇ ಪಟ್ಟದ ರಾಣಿ ಆಗ್ಬೇಕು ಅಂತ ಮಧುರೆ ನಾಯಕರ ಮನೆತನದಿಂದ ಹೆಣ್ಣು ತರ್ತಿದ್ರು. 1739ರಲ್ಲಿ ನರೇಂದ್ರಸಿಂಹ ಅನ್ನೋ ರಾಜ ಪಟ್ಟಕ್ಕೆ ಬರೋ ಮಗ ಇಲ್ಲದೆ ತೀರ್ಕೊಂಡ. ಪಟ್ಟಕ್ಕೆ ಬಂದಿದ್ದು ಯಾರು, ರಾಣಿ ತಮ್ಮ! ಅವನಿಗೂ ಮಕ್ಕಳಿಲ್ಲ, ಅವನಾದ ಮೇಲೆ 1747ರಲ್ಲಿ ಅವನ ರಾಣಿಯ ತಮ್ಮ ಕೀರ್ತಿಶ್ರೀ ರಾಜಸಿಂಹ. ಹೀಗೆ ನಾಯಕರ ಕಡೆಯ ನಾಲ್ಕು ಜನ ಸಾಲಾಗಿ ಆಳಿ, ಕೊನೆಯವನನ್ನ 1815ರಲ್ಲಿ ಬ್ರಿಟಿಷರು ಹಿಡಿದು ವೆಲ್ಲೂರಿಗೆ ತಂದು ಇಟ್ರು. ನಮ್ಮಜ್ಜಿಗೆ ಇದನ್ನ ಹೇಳಿದ್ರೆ "ಬಾಮೈದುನ್ನ ಮನೇಲಿ ಇಟ್ಕಂಡ್ರೆ ಇನ್ನೇನಾದದು" ಅಂದ್ರು. ನಮ್ಮ ಅಪ್ಪಂಗೆ ಖುಷಿಯೋ ಖುಷಿ, ಯಾಕಂದ್ರೆ ನಮ್ಮ ಸೋದರಮಾವ ಎರಡು ವರ್ಷ ನಮ್ಮನೇಲೇ ಇದ್ದು ಓದಿದೋರು.

ಆದ್ರೆ ಒಂದು ಕಡೆ ನಂಗಿ ನಮ್ಮನ್ನ ನೋಡಿ ನಿಜವಾಗಲೂ ಗಾಬರಿಯಾದ್ಲು. ನಮ್ಮಜ್ಜಿ ಮದುವೆ ಆಗಿದ್ದು ಅವರ ಸೋದರಮಾವನ್ನೇ, ಅಂದ್ರೆ ಅಮ್ಮನ ತಮ್ಮನ್ನ. ಅಜ್ಜಿ ಅದನ್ನ ಯಾವಾಗಲೂ ಜಂಬದಿಂದ ಹೇಳೋರು, ಹುಟ್ಟಿದಾಗ್ಲೇ ತೊಟ್ಟಿಲಿಗೆ ಮಾತಾಗಿತ್ತು ಅಂತ. ನಂಗಿ ಕಾಳು ಹಿದುಕೋದು ಬಿಟ್ಟು ಕೂತ್ಲು. ಅವರಲ್ಲಿ ಮಾಮನ ಮಗ ಆಗುತ್ತೆ, ಮಾಮಾ ಆಗಲ್ಲ, ಕಾನೂನೇ ಅದನ್ನ ಒಪ್ಪಲ್ಲ. ಲಕ್ನೋದೋರು ನನ್ನನ್ನ ನೋಡಿದ ಹಾಗೇ ಅವಳು ಅಜ್ಜೀನ ನೋಡ್ತಿದ್ಲು! ಅಜ್ಜಿ ಮಾತ್ರ ಸುಮ್ಮನಿರ್ತಾರಾ, ನಾನು ಅನುವಾದ ಮಾಡಿ ಹೇಳಿದ ತಕ್ಷಣ, "ಮಾವನ ಮಗ ಬೇಕು, ಮಾವ ಬ್ಯಾಡ್ವಂತಾ, ಮರ ಬಿಟ್ಟು ಕೊಂಬೆ ಹಿಡ್ಕಂಡವ್ರೆ" ಅಂದ್ರು. ನನಗೇನೂ ಆ ಪದ್ಧತಿ ಮೇಲೆ ಮೋಹ ಇಲ್ಲ, ಹತ್ತಿರದ ಸಂಬಂಧದಲ್ಲಿ ಮಕ್ಕಳಿಗೆ ಆಗೋ ತೊಂದರೆ ನಮ್ಮ ಮನೆತನದಲ್ಲೇ ನೋಡಿದೀನಿ, ನನ್ನ ಮಗಳಿಗೆ ಅಂತೂ ಬೇಡ್ವೇ ಬೇಡ. ಅವರಲ್ಲೂ ಸಿಟಿ ಕಡೆ ಈಗ ಮಸ್ಸಿನಾ ಮದುವೆ ಕಮ್ಮಿಯಾಗ್ತಿದೆಯಂತೆ. ಪದ ಮಾತ್ರ ಉಳ್ಕೊಂಡಿದೆ.

ಏಪ್ರಿಲ್ ಹದಿನಾಲ್ಕಕ್ಕೆ ಅವರ ಹೊಸ ವರ್ಷ, ಅಲುತ್ ಅವುರುದ್ದ. ನಮ್ಮ ಯುಗಾದಿ ಮುಗಿದಿತ್ತು. ಹಳೇ ವರ್ಷ ಮುಗಿದು ಹೊಸದು ಹುಟ್ಟೋ ನಡುವೆ ಕೆಲವು ಗಂಟೆ ಯಾವ ಕೆಲಸಾನೂ ಮಾಡಂಗಿಲ್ಲ, ಒಲೆ ಹಚ್ಚಂಗಿಲ್ಲ, ಆಮೇಲೆ ಜ್ಯೋತಿಷಿಗಳು ಗುರುತು ಮಾಡಿದ ಮುಹೂರ್ತಕ್ಕೆ ಇಡೀ ದೇಶವೇ ಒಟ್ಟಿಗೆ ಒಲೆ ಹಚ್ಚುತ್ತೆ. ಅವಳೂ ಫೋನಲ್ಲಿ ಅಲಾರಾಂ ಇಟ್ಕೊಂಡು ಇಂಡಕ್ಷನ್ ಸ್ಟವ್ ಆನ್ ಮಾಡಿ ಕಿರಿಬತ್ ಮಾಡಿದ್ಲು, ಅಕ್ಕಿ ಬೇಯಿಸಿ ಗಟ್ಟಿ ತೆಂಗಿನಹಾಲು ಹಾಕಿ ತಟ್ಟೇಲಿ ತಟ್ಟಿ ವಜ್ರಾಕಾರಕ್ಕೆ ಕತ್ತರಿಸೋದು. ಸಪ್ಪೆ ಅಂತ ನನ್ನ ತಮ್ಮ ಉಪ್ಪಿನಕಾಯಿ ಹಾಕ್ಕೊಂಡ, ಅವರೂ ಖಾರದ ಈರುಳ್ಳಿ ಚಟ್ನಿ ಜೊತೇನೇ ತಿನ್ನೋದಂತೆ, ಹಂಗಾಗಿ ಅವನು ಬಚಾವ್. ಆಮೇಲೆ ಅಮ್ಮನ ಮುಂದೆ ಬಂದು ಎರಡೂ ಕೈಲಿ ಎಲೆ ಕಟ್ಟು ಹಿಡ್ಕೊಂಡು, ದೇವರಾಜ ಮಾರ್ಕೆಟ್ಟಿಂದ ತಂದಿದ್ದ ಚಿಗುರೆಲೆ, ಕೊಟ್ಟು ಮಂಡಿಯೂರಿ ನಮಸ್ಕಾರ ಮಾಡಿದ್ಲು. ಅಮ್ಮ ಎಲೆ ತಗೊಂಡೋರೇ, "ಯಾವಾಗಮ್ಮ, ಹುಡುಗ ಏನ್ ಮಾಡ್ಕೊಂಡಿದಾನೆ" ಅಂದುಬಿಟ್ರು. ನಮ್ಮಲ್ಲಿ ಎಲೆ ಅಡಿಕೆ ಕೊಟ್ಟು ಕರೆಯೋದು ಅಂದ್ರೆ ಮದುವೆಗೆ ತಾನೇ. ಅವರಲ್ಲಿ ಹಬ್ಬದ ದಿನ ಚಿಕ್ಕೋರು ದೊಡ್ಡೋರಿಗೆ ಎಲೆ ಕೊಟ್ಟು ಕಾಲಿಗೆ ಬೀಳೋದು ರೂಢಿ. ದೊಡ್ಡೋರು ಪ್ರತಿಯಾಗಿ ಕಾಸು ಕೊಡ್ತಾರೆ, ವರ್ಷದ ಮೊದಲ ಕೊಡು ಕೊಳ್ಳು, ಅದಕ್ಕೆ ಗನುದೆನು ಅಂತ ಹೆಸರು. ಅಮ್ಮ ಹೂವು ಮುಡಿಸಿ ಐನೂರು ಕೊಟ್ರು.

ಮೇ ತಿಂಗಳಲ್ಲಿ ತಮ್ಮನ ಮದುವೆ, ಮದ್ದೂರು ಹತ್ತಿರ ನಮ್ಮೂರಲ್ಲೇ ಚಪ್ಪರ. ನಂಗೀನೂ ಬಂದ್ಲು. ಚಪ್ಪರದ ಬಾಗಿಲಲ್ಲಿ ಟೇಬಲ್ ಹಾಕ್ಕೊಂಡು ಚಿಕ್ಕಪ್ಪ ಮುಯ್ಯಿ ಬರೀತಾ ಕೂತಿದ್ರು, ಉದ್ದ ನೋಟ್ಸು, ಕಿವಿಗೊಂದು ಪೆನ್ನು. ಇದೇನು ಅಂತ ಅವಳು ಕೇಳಿದ್ಲು. ನಾಳೆ ಅವರ ಮನೆ ಮದುವೇಲಿ ನಾವು ಇದಕ್ಕಿಂತ ಸ್ವಲ್ಪ ಜಾಸ್ತಿ ಹಾಕ್ಬೇಕು, ಅದಕ್ಕೆ ಲೆಕ್ಕ ಅಂದೆ. ಗದ್ದೆ ನಾಟಿಗೂ ಹಿಂಗೇ, ಇವತ್ತು ನಿಮ್ಮ ಗದ್ದೆಗೆ ನಾನು ಬಂದ್ರೆ ನಾಳೆ ನಮ್ಮದಕ್ಕೆ ನೀವು, ಮುಯ್ಯಾಳು ಅಂತೀವಿ. ಅತ್ತಂ ಅಂದ್ಲು ತಕ್ಷಣ. ಅವರ ಊರಲ್ಲಿ ನಾಟಿ ಕುಯ್ಲಿಗೆ ಬದಲಿಗೆ ಬದಲಿ ಬರೋದಕ್ಕೆ ಅತ್ತಂ ಅಂತಾರೆ. ಎರಡೂ ಕಡೆ ಈಗ ಮಿಷನ್ನು ಬಂದು ಅದು ಹೋಗ್ತಿದೆ, ಮುಯ್ಯಿ ಮಾತ್ರ ಹೋಗಿಲ್ಲ. ಅವಳೂ ಐನೂರ ಒಂದು ಕೊಡೋಕೆ ಹೋದ್ಲು. ಚಿಕ್ಕಪ್ಪ ತಲೆ ಎತ್ತದೇ "ಯಾರ ಕಡೆ" ಅಂದ್ರು. ಹೆಸರಲ್ಲ, ಊರಲ್ಲ, ಯಾರ ಕಡೆ. ಅವಳು ಏನ್ ಹೇಳ್ತಾಳೆ. ಹಿಂದೆ ಕುರ್ಚೀಲಿ ಕೂತಿದ್ದ ಅಜ್ಜಿ, "ನನ್ ಮೊಮ್ಮಗ್ಳು ಬರ್ಕೊಳೋ, ಏನ್ ಯಾರ ಕಡೆ ಅಂತೀಯ" ಅಂದ್ರು.

ಬೀಗರ ಊಟದ ದಿನ ನಮ್ಮ ಇನ್ನೊಬ್ಬ ಚಿಕ್ಕಪ್ಪನ್ನ ತೋರಿಸಿ ಇವರು ಮನೆ ಅಳಿಯ ಅಂದೆ, ಹೆಂಡ್ತಿ ಮನೇಲೇ ಇದ್ದು ಅಲ್ಲೇ ಜಮೀನು ನೋಡ್ಕೊಳ್ಳೋರು. ಅದಕ್ಕೂ ಅವಳ ಹತ್ರ ಪದ ಇತ್ತು, ಬಿನ್ನ. ಹೆಣ್ಣು ಗಂಡನ ಮನೆಗೆ ಹೋದ್ರೆ ದೀಗ, ಗಂಡು ಹೆಣ್ಣಿನ ಮನೆಗೆ ಬಂದ್ರೆ ಬಿನ್ನ. ಕ್ಯಾಂಡಿ ಸೀಮೆಯೋರಿಗೆ ಪ್ರತ್ಯೇಕ ವಿವಾಹ ಕಾಯ್ದೆ ಇದೆ, 1952ರದ್ದು, ಅದರಲ್ಲಿ ರಿಜಿಸ್ಟರ್ ಮಾಡಿಸಿದ್ರೆ ದೀಗವೋ ಬಿನ್ನವೋ ಅಂತ ಬರೆಸಬೇಕು, ಬರೆಸಿಲ್ಲ ಅಂದ್ರೆ ದೀಗ ಅಂತಾನೇ ಲೆಕ್ಕ. ಸರ್ಕಾರಿ ಪುಸ್ತಕದಲ್ಲಿ ಮನೆ ಅಳಿಯ ಅಂತ ಒಂದು ಕಾಲಂ! ಹಳೇ ಕಾಲದ ಮಾತೊಂದಿದೆಯಂತೆ, ಬಿನ್ನ ಬಂದ ಅಳಿಯ ಹೆಂಡ್ತಿ ಕೋಣೆ ಬಾಗಿಲ ಹತ್ರಾನೇ ಒಂದು ಊರುಗೋಲು, ಒಂದು ಪಂಜು, ಮಳೆಗೆ ಹಿಡಿಯೋ ಒಂದು ತಾಳೆಗರಿ ಸಿದ್ಧವಾಗಿ ಇಟ್ಕೊಂಡಿರ್ಬೇಕು, ಯಾಕಂದ್ರೆ ಯಾವ ಹೊತ್ತಲ್ಲಿ ಬೇಕಾದ್ರೂ ಹೊರಡು ಅಂತ ಹೇಳಬಹುದು. ಚಿಕ್ಕಪ್ಪಂಗೆ ಇದನ್ನ ಹೇಳಿದ್ವಿ, ಮುದ್ದೆ ನುಂಗಿ ನಿಧಾನಕ್ಕೆ, "ನನ್ನ ಟಾರ್ಚು ಕೆಟ್ಟೋಗೈತೆ ಕಣವ್ವ, ಅದಕ್ಕೇ ಇನ್ನೂ ಇಲ್ಲೇ ಇವ್ನಿ" ಅಂದ್ರು.

ನಗೋ ವಿಷಯದ ಹಿಂದೆ ಜಮೀನಿದೆ ಅನ್ನೋದು ನನಗೆ ಹೊಳೆದಿದ್ದು ರಾತ್ರಿ. ಕ್ಯಾಂಡಿ ಪದ್ಧತೀಲಿ ದೀಗ ಹೋದ ಮಗಳಿಗೆ ಅಪ್ಪನ ಜಮೀನಲ್ಲಿ ಹಕ್ಕು ಹೋಗ್ತಿತ್ತು, ಬಿನ್ನ ಇದ್ದ ಮಗಳಿಗೆ ಉಳೀತಿತ್ತು. 1954ರಲ್ಲಿ ಎಡ್ಮಂಡ್ ಲೀಚ್ ಅನ್ನೋ ಇಂಗ್ಲೆಂಡಿನ ಪ್ರೊಫೆಸರ್ ಅನುರಾಧಪುರ ಕಡೆ ಪುಲ್ ಎಲಿಯ ಅನ್ನೋ ಕೆರೆ ಹಳ್ಳೀಲಿ ಇದ್ದು, ಇಲ್ಲಿ ನೆಂಟಸ್ತಿಕೆ ಅನ್ನೋದು ಗದ್ದೆ ಮತ್ತೆ ಕೆರೆ ನೀರಿನ ಪಾಲಿನ ಸುತ್ತಾನೇ ಇದೆ ಅಂತ ವಾದ ಮಾಡಿದ್ರು. ನಾಲೆ ನೀರಿಗೆ ಅಣ್ಣತಮ್ಮ ಗುದ್ದಲಿ ಹಿಡಿದಿದ್ದು ನೋಡಿರೋ ಮಂಡ್ಯದೋರಿಗೆ ಇದನ್ನ ಹೇಳೋಕೆ ಪ್ರೊಫೆಸರ್ ಬೇಕಾ. ನಮ್ಮಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರಿಂದ ಇಡೀ ದೇಶಕ್ಕೇ ಕಾನೂನಿದೆ. ಆದ್ರೂ ನಮ್ಮ ಇಬ್ಬರು ಅತ್ತೆಯರು, ಒಬ್ರು ಈಗ ನನಗೆ ಅತ್ತೇನೂ ಹೌದು, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕಿ, ಒಂದೊಂದು ಸೀರೆ, ಅರಿಶಿನ ಕುಂಕುಮ ತಗೊಂಡು ಹೋದ್ರು. ತವರು ಬೇಕಲ್ಲ ಅಂದ್ರು. ಆ ಸೀರೆ ಸೆಲೆಕ್ಟ್ ಮಾಡಿದ್ದು ನಾನೇ, ಅದನ್ನ ನೆನೆಸ್ಕೊಂಡ್ರೆ ಈಗಲೂ ಒಂಥರಾ ಆಗುತ್ತೆ.

ಜಾತಿ ವಿಷಯ ನಂಗಿ ಜಾಸ್ತಿ ಮಾತಾಡ್ತಿರ್ಲಿಲ್ಲ. ನಾವು ಬೌದ್ಧರು, ನಮ್ಮಲ್ಲಿ ಅದೆಲ್ಲಾ ಇಲ್ಲ ಅಂತ ಮೊದಲು ಅಂದಿದ್ಲು. ಆಮೇಲೆ ಅವಳಮ್ಮ ಗಂಡು ಹುಡುಕೋಕೆ ಶುರು ಮಾಡಿದಾಗ ಭಾನುವಾರದ ಪೇಪರಿನ ಜಾಹೀರಾತು ಅವಳೇ ಓದಿ ಹೇಳಿದ್ಲು, ಗೊವಿ, ಬೌದ್ಧ, ಎತ್ತರ ಇಷ್ಟು, ಜಾತಕ ಕಳಿಸಿ ಅಂತ. ಗೊವಿಗಮ ಅಂದ್ರೆ ಬೇಸಾಯದೋರು, ಸಂಖ್ಯೇಲಿ ಅವರೇ ದೊಡ್ಡೋರು, ಥೇಟ್ ನಮ್ಮ ಒಕ್ಕಲಿಗರು ಅನ್ನೋ ಪದದ ಅರ್ಥಾನೇ. ದಾಲ್ಚಿನ್ನಿ ಸುಲಿಯೋ ಸಲಾಗಮ, ಮೀನುಗಾರರ ಕರಾವ, ಡೋಲು ಬಾರಿಸೋ ಬೆರವ ಎಲ್ಲಾ ಇದಾರೆ. ಸನ್ಯಾಸಿಗಳಲ್ಲೂ ಬಂತು ನೋಡಿ, 1753ರಲ್ಲಿ ಸಯಾಮಿನ, ಅಂದ್ರೆ ಈಗಿನ ಥಾಯ್ಲೆಂಡಿನ, ಭಿಕ್ಷುಗಳು ಬಂದು ಶುರುವಾದ ಸಯಾಂ ನಿಕಾಯ ಅನ್ನೋ ಭಿಕ್ಷುಗಳ ಪಂಗಡದಲ್ಲಿ ಗೊವಿಗಮದೋರಿಗೆ ಮಾತ್ರ ದೀಕ್ಷೆ ಅಂತಾದಾಗ, ಕರಾವಳಿಯ ಬೇರೆ ಜಾತಿಯೋರು ಬರ್ಮಾಕ್ಕೆ ಹೋಗಿ ದೀಕ್ಷೆ ತಂದು 1803ರಲ್ಲಿ ಅಮರಪುರ ನಿಕಾಯ ಮಾಡ್ಕೊಂಡ್ರು. ಇಲ್ಲ ಇಲ್ಲ ಅಂತಾನೇ ಪೇಪರಲ್ಲಿ ಹಾಕೋದು ನಮಗೇನು ಹೊಸದಾ.

ಅಜ್ಜಿ ಆ ನವೆಂಬರಲ್ಲಿ ಹೋದ್ರು. ಬೆಳಗಿನ ಜಾವ ಫೋನ್ ಬಂತು, ನಾವೆಲ್ಲಾ ಇದ್ದ ಬಟ್ಟೇಲಿ ಕಾರು ಹತ್ತಿದ್ವಿ, ನಂಗಿ ಮಾತ್ರ ಬಿಳೀ ಬಟ್ಟೆ ಉಟ್ಕೊಂಡು ಇಳಿದು ಬಂದ್ಲು, ಅವರಲ್ಲಿ ಸಾವಿನ ಮನೆಗೆ ಬಿಳೀನೇ. ಹೆಣದ ಮುಂದೆ ಮಂಡಿಯೂರಿ ಕೈ ಮುಗಿದು, ಅತ್ತ ಕಡೆ ಬಂದು ಯಾವ ಸಮಿತಿಯೋರು ಬರ್ತಾರೆ ಅಂದ್ಲು. ನನಗೆ ಅರ್ಥ ಆಗ್ಲಿಲ್ಲ. ಅವರ ಊರೂರಲ್ಲಿ ಮರಣಾಧಾರ ಸಮಿತಿ ಅಂತ ಇರುತ್ತೆ, ತಿಂಗಳಿಗಿಷ್ಟು ಅಂತ ಚಂದಾ, ಸಾವಾದ್ರೆ ಕುರ್ಚಿ, ಶಾಮಿಯಾನ, ದುಡ್ಡು ಎಲ್ಲಾ ಅದರದ್ದೇ ಜವಾಬ್ದಾರಿ, ಮನೆಯೋರು ಅಳೋದು ಬಿಟ್ಟು ಬೇರೆ ಕೆಲಸ ಮಾಡಂಗಿಲ್ಲ. ಸಾವಿನ ಮನೇಲಿ ಒಲೆ ಹಚ್ಚಲ್ಲ, ಅಕ್ಕಪಕ್ಕದೋರು ಅನ್ನ ತರ್ತಾರೆ, ಅದು ನಮ್ಮಲ್ಲೂ ಅಷ್ಟೇ. ಆದ್ರೆ ಚಟ್ಟಕ್ಕೆ ಬಿದಿರು ಯಾರು ತರ್ಬೇಕು ಅಂತ ಅವತ್ತು ನಮ್ಮ ಚಿಕ್ಕಪ್ಪಂದಿರು ಒಬ್ರ ಮುಖ ಒಬ್ರು ನೋಡ್ಕೊಂಡು ನಿಂತಿದ್ದು ಕಂಡಾಗ ಚಂದಾ ಕಟ್ಟೋ ಪದ್ಧತೀನೇ ಮೇಲು ಅನ್ನಿಸ್ತು. ಹನ್ನೊಂದನೇ ದಿನದ ತಿಥಿ ಆಯ್ತು, ನಾವು ನಮ್ಮ ಕೆಲಸಕ್ಕೆ ಬಂದ್ವಿ. ಫೆಬ್ರವರೀಲಿ ಒಂದು ಬೆಳಗ್ಗೆ ನಂಗಿ ಕಿರಿಬತ್ ತಟ್ಟೆ ಹಿಡ್ಕೊಂಡು ಬಂದ್ಲು, ಇವತ್ತು ಆಚ್ಚಿಗೆ ಮೂರು ತಿಂಗಳು, ನಮ್ಮಲ್ಲಿ ದಾನ ಕೊಡ್ತೀವಿ ಅಂತ. ಏಳನೇ ದಿನ, ಮೂರು ತಿಂಗಳು, ವರ್ಷ, ಮೂರೂ ಸಲ ಭಿಕ್ಷುಗಳಿಗೆ ಊಟ ಹಾಕೋದು ಅವರ ಪದ್ಧತಿ. ಇಲ್ಲಿ ಭಿಕ್ಷುಗಳನ್ನ ಎಲ್ಲಿಂದ ತರೋಣ, ರಸ್ತೆ ಗುಡಿಸೋ ಇಬ್ಬರನ್ನ ಕರೆದು ಅಮ್ಮ ಕಿರಿಬತ್ ಜೊತೆ ಪಲ್ಯ ಹಾಕಿ ಕೊಟ್ರು.

ಈಗ ಅವಳು ಓದು ಮುಗಿಸಿ ಊರಿಗೆ ಹೋಗಿ ಆಯ್ತು, ಜನವರೀಲಿ ಮದುವೆ, ದೀಗಾನೇ. ಪೋರುವ ಅಂತ ಅಲಂಕಾರ ಮಾಡಿದ ಮಂಟಪದ ಮೇಲೆ ನಿಲ್ಲಿಸಿ ಕಿರುಬೆರಳಿಗೆ ಕಿರುಬೆರಳು ದಾರ ಕಟ್ಟಿ ನೀರು ಎರೀತಾರಂತೆ, ಅಮ್ಮ ಅದಕ್ಕೆ ಧಾರೆ ಅಂತ ಹೇಳಿ ಸುಮ್ಮನಾದ್ರು. ಆದ್ರೆ ಮದುವೆ ಗಂಡು ಹೆಣ್ಣಿನ ತಾಯಿಗೆ ಬಿಳೀ ಬಟ್ಟೆ ಕೊಡ್ತಾನೆ, ಹಾಲು ಕುಡಿಸಿ ಸಾಕಿದ್ದಕ್ಕೆ, ಕಿರಿ ಕಡ ಹೆಲ ಅಂತ ಅದರ ಹೆಸರು, ಅದು ಕೇಳಿ ಅಮ್ಮಂಗೆ ಸಮಾಧಾನಾನೇ ಇಲ್ಲ, ಮುತ್ತೈದೆಗೆ ಬಿಳೀ ಬಟ್ಟೆನಾ ಅಂತ. ಅದಕ್ಕೆ ಅವಳ ತಾಯಿಗೂ ಸೇರಿಸಿ ಎರಡು ಮೈಸೂರು ಸಿಲ್ಕ್ ತಂದಿಟ್ಟಿದಾರೆ, ಒಂದು ಕೆಂಪು, ಒಂದು ಹಸಿರು. ಚಿಕ್ಕಪ್ಪಂಗೆ ಫೋನ್ ಮಾಡಿ ಮುಯ್ಯಿ ನೋಟ್ಸು ತರಿಸಿ ನೋಡಿದ್ವಿ, ನೂರ ನಲವತ್ತೇಳನೇ ನಂಬರ್, "ಅವ್ವನ ಮೊಮ್ಮಗಳು, ಶ್ರೀಲಂಕಾ, 501" ಅಂತಿದೆ. ಐನೂರ ಒಂದಕ್ಕೆ ಎಷ್ಟು ಸೇರಿಸಿ ಹಾಕ್ಬೇಕು, ಅವರ ರೂಪಾಯೀಲಿ ಹಾಕ್ಬೇಕಾ ನಮ್ಮದ್ರಲ್ಲಾ ಅಂತ ಮನೇಲಿ ದಿನಾ ಜಗಳ. ಅಮ್ಮನ ಪಾಸ್‌ಪೋರ್ಟಿಗೆ ಅಪ್ಲೈ ಮಾಡಿದೀವಿ, ಪೊಲೀಸ್ ವೆರಿಫಿಕೇಶನ್ ಇನ್ನೂ ಆಗಿಲ್ಲ.